ಕ್ಲಿಪ್ಪಿನ ಹಳದಿಯೂ ಹಲ್ಲಿನ ಬಿಳಿ ಮಚ್ಚೆಯೂ

ಮಗಳ ಹಲ್ಲಿಗೆ ಕ್ಲಿಪ್ ಹಾಕಿಸಿದ್ದು ಒಂದು ಶನಿವಾರ. ಹೊಳೆಯುವ ಸ್ಟೀಲ್ ಬೇಡ, ಎದ್ದು ಕಾಣದ ಸೆರಾಮಿಕ್ ಬೇಕು ಅಂತ ಅವಳೇ ಆರಿಸಿಕೊಂಡಿದ್ದಳು. ಹದಿನಾರರ ವಯಸ್ಸು, ಹೊಸ ಕಾಲೇಜು. ಅವಳ ಆಸೆ ನನಗೂ ಅರ್ಥವಾಗಿತ್ತು. ಮಾಟುಂಗಾದ ಮನೆಗೆ ಬರುವಷ್ಟರಲ್ಲಿ ಹಲ್ಲು ನೋಯತೊಡಗಿತ್ತು. ಮೆತ್ತಗಿರಲಿ ಅಂತ ಬಿಸಿ ಅನ್ನಕ್ಕೆ ತೊವ್ವೆ ಕಲಸಿ ಕೊಟ್ಟೆ. ಭಾನುವಾರ ಬೆಳಿಗ್ಗೆ ಕನ್ನಡಿ ಮುಂದೆ ನಿಂತವಳು "ಅಮ್ಮಾ" ಅಂತ ಕೂಗಿದಳು. ಹಲ್ಲಿನ ಮೇಲೆ ಸಾಲಾಗಿ ಹಳದಿ ಚುಕ್ಕೆಗಳು.

ಅಳುವ ಮಗುವಿಗೆ ಸಮಾಧಾನ ಹೇಳುವ ಮೊದಲು ನಾನು ಬೆಳಕಿಗೆ ಹಿಡಿದು ನೋಡಿದೆ. ಹಳದಿಯಾಗಿದ್ದು ಕ್ಲಿಪ್ ಅಲ್ಲ. ತಂತಿಯನ್ನು ಕ್ಲಿಪ್ಪಿಗೆ ಕಟ್ಟಿ ಹಿಡಿಯುವ, ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ರಬ್ಬರ್ ಉಂಗುರಗಳು.

ನಮ್ಮ ಟಿಫಿನ್ ಡಬ್ಬಿಯನ್ನೇ ನೆನಪಿಸಿಕೊಳ್ಳಿ. ಮುಂಬೈಯಲ್ಲಿ ಡಬ್ಬಿ ಇಲ್ಲದ ಮನೆ ಯಾವುದಿದೆ? ಸ್ಟೀಲ್ ಡಬ್ಬಿಯಲ್ಲಿ ಎಷ್ಟು ವರ್ಷ ಹುಳಿ, ಪಲ್ಯ ಕಳಿಸಿದರೂ ಸ್ಟೀಲಿಗೆ ಬಣ್ಣ ಹತ್ತುವುದಿಲ್ಲ. ಆದರೆ ಮುಚ್ಚಳದೊಳಗಿನ ರಬ್ಬರ್ ಪಟ್ಟಿ ಒಂದೇ ವಾರದಲ್ಲಿ ಹಳದಿ. ಎಷ್ಟು ಉಜ್ಜಿದರೂ ಹೋಗದು. ಬಣ್ಣ ಅದರ ಮೇಲೆ ಕೂತಿಲ್ಲ, ಒಳಗೆ ಇಳಿದಿದೆ. ಬಾಯಲ್ಲಿ ನಡೆಯುವುದೂ ಇದೇ.

ಅರಿಶಿನದ ಬಣ್ಣ ಕರ್ಕ್ಯುಮಿನ್ ಎಂಬ ವಸ್ತುವಿನದು. ಪುಡಿಯ ತೂಕದಲ್ಲಿ ಅದು ಸುಮಾರು ಶೇಕಡಾ 3ರಷ್ಟು ಇದ್ದೀತು, ಅಷ್ಟೇ. ಅದು ನೀರಿನಲ್ಲಿ ಕರಗುವುದಿಲ್ಲ ಅಂದರೂ ನಡೆಯುತ್ತದೆ. ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಒಗ್ಗರಣೆಗೆ ಅರಿಶಿನ ಬಿದ್ದ ಕೂಡಲೇ ಎಣ್ಣೆಗೆ ಬಣ್ಣ ಬರುವುದು ಅದಕ್ಕೇ. ಕ್ಲಿಪ್ಪಿನ ಉಂಗುರ ಸಾಮಾನ್ಯವಾಗಿ ಪಾಲಿಯುರೆಥೇನ್ ಎಂಬ ಹಿಗ್ಗುವ ಪ್ಲಾಸ್ಟಿಕ್. ಉದ್ದುದ್ದ ಎಳೆಗಳು ಸಡಿಲವಾಗಿ ಹೆಣೆದುಕೊಂಡ ವಸ್ತು ಅದು. ಎಳೆಗಳ ನಡುವೆ ಜಾಗವಿದೆ. ನೀರನ್ನು ಇಷ್ಟಪಡದ ಕರ್ಕ್ಯುಮಿನ್‌ಗೆ ಜೊಲ್ಲಿನಲ್ಲಿ ತೇಲುವುದಕ್ಕಿಂತ ಆ ಎಳೆಗಳ ನಡುವೆ ಸೇರಿಕೊಳ್ಳುವುದೇ ಹಿತ. ಒಮ್ಮೆ ಸೇರಿದರೆ ಬಾಯಿ ಮುಕ್ಕಳಿಸಿದ ನೀರಿಗೆ ಅದನ್ನು ಹೊರಗೆಳೆಯುವ ಶಕ್ತಿಯಿಲ್ಲ. ಬೀಟ್‌ರೂಟ್ ಬಣ್ಣ ಹೀಗಲ್ಲ. ಅದು ನೀರಿನಲ್ಲಿ ಕರಗುತ್ತದೆ, ತೊಳೆದರೆ ಬಹುಪಾಲು ಹೋಗುತ್ತದೆ. ಬ್ಯಾಡಗಿ ಮೆಣಸಿನ ಕೆಂಪು ಮಾತ್ರ ಅರಿಶಿನದ ಜಾತಿಯದೇ, ಎಣ್ಣೆಯ ಜೊತೆ ಹೋಗುವಂಥದ್ದು. ಪಾವ್ ಭಾಜಿ ತಿಂದ ಮೇಲೆ ಉಂಗುರ ಕೇಸರಿಯಾದರೆ ಆಶ್ಚರ್ಯವಿಲ್ಲ.

ಕರ್ಕ್ಯುಮಿನ್‌ನ ಗುಣಗಳು ನಮ್ಮ ಮನೆಗಳಿಗೆ ಹೊಸತಲ್ಲ. ಆರತಿ ತಟ್ಟೆಯ ಅರಿಶಿನ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪು ಓಕುಳಿ ಆಗುತ್ತದಲ್ವಾ? ಕ್ಷಾರ ತಗುಲಿದಾಗ ಕರ್ಕ್ಯುಮಿನ್ ಬಣ್ಣ ಬದಲಿಸುತ್ತದೆ. ಸೋಪು ಹಚ್ಚಿದಾಗ ಬಟ್ಟೆಯ ಅರಿಶಿನದ ಕಲೆ ಕೆಂಪಾಗುವುದೂ ಇದೇ ಕಾರಣಕ್ಕೆ. ಆ ಬಟ್ಟೆಯನ್ನೇ ಒದ್ದೆಯಾಗಿ ಬಿಸಿಲಿಗೆ ಹಾಕಿದರೆ ಸಂಜೆಯ ಹೊತ್ತಿಗೆ ಕಲೆ ಮಾಸಿರುತ್ತದೆ. ಬೆಳಕು ಕರ್ಕ್ಯುಮಿನ್ ಅಣುವನ್ನೇ ಒಡೆಯುತ್ತದೆ. ಮಗಳಿಗೆ ಇದನ್ನು ತೋರಿಸಬೇಕು ಅನಿಸಿತು. ಮುಂದಿನ ಸಲ ಡಾಕ್ಟರು ಬಿಚ್ಚಿದ ಹಳೆಯ ಉಂಗುರಗಳನ್ನು ಕಾಗದದಲ್ಲಿ ಕಟ್ಟಿಸಿಕೊಂಡು ತಂದೆವು. ಎರಡನ್ನು ಡ್ರಾಯರಿನೊಳಗೆ ಇಟ್ಟೆವು, ಎರಡನ್ನು ಕಿಟಕಿಯ ಕಟ್ಟೆಯ ಮೇಲೆ. ಕೆಲವು ದಿನಗಳಲ್ಲಿ ಕಿಟಕಿಯವು ಪೇಲವವಾದವು, ಡ್ರಾಯರಿನವು ಹಾಗೆಯೇ ಇದ್ದವು. ಬಾಯೊಳಗೆ ಬಿಸಿಲಿಲ್ಲ. ಹಾಗಾಗಿ ಅಲ್ಲಿ ಹಳದಿ ಉಳಿಯುತ್ತದೆ.

ಇನ್ನು ಕ್ಲಿಪ್. ಸೆರಾಮಿಕ್ ಕ್ಲಿಪ್ ಅಂದರೆ ಅಲ್ಯುಮಿನಾ, ಅಲ್ಯುಮಿನಿಯಂ ಮತ್ತು ಆಮ್ಲಜನಕ ಸೇರಿದ ವಸ್ತು. ನವರತ್ನಗಳ ಮಾಣಿಕ್ಯವೂ ನೀಲವೂ ಇದೇ ಅಲ್ಯುಮಿನಾದ ಹರಳುಗಳು. ಚೂರು ಕ್ರೋಮಿಯಂ ಸೇರಿದರೆ ಮಾಣಿಕ್ಯ, ಕಬ್ಬಿಣ ಮತ್ತು ಟೈಟಾನಿಯಂ ಸೇರಿದರೆ ನೀಲ. ಏನೂ ಸೇರದಿದ್ದರೆ ಬಣ್ಣವೇ ಇಲ್ಲ. ಒಂದೇ ಹರಳಿನಿಂದ ಕಡೆದ ಕ್ಲಿಪ್ಪುಗಳೂ ಇವೆ, ಸಣ್ಣ ಸಣ್ಣ ಹರಳುಗಳನ್ನು ಕಾಯಿಸಿ ಒಂದು ಮಾಡಿದವೂ ಇವೆ. ಗಡಸುತನದ ಮಾಪನದಲ್ಲಿ ವಜ್ರಕ್ಕೆ 10, ಇದಕ್ಕೆ 9, ನಮ್ಮ ಹಲ್ಲಿನ ಹೊರಪದರವಾದ ಎನಾಮೆಲ್‌ಗೆ ಸುಮಾರು 5. ಇಷ್ಟು ಬಿಗಿಯಾದ ವಸ್ತುವಿನೊಳಗೆ ತೊವ್ವೆಯ ಬಣ್ಣ ಇಳಿಯಲಾರದು. ಇಂಥ ಕ್ಲಿಪ್ಪುಗಳು ಬಂದದ್ದು 1980ರ ದಶಕದಲ್ಲಿ. ಅದಕ್ಕೂ ಮೊದಲು ಇದ್ದ ಪ್ಲಾಸ್ಟಿಕ್ ಕ್ಲಿಪ್ಪುಗಳು ನೀರು ಹೀರಿ, ಬಣ್ಣ ಹೀರಿ ಹಾಳಾಗುತ್ತಿದ್ದವು. ಇಷ್ಟು ಗಡಸಾಗಿರುವುದರಿಂದ ಒಂದು ತೊಂದರೆಯೂ ಇದೆ. ಎದುರಿನ ಹಲ್ಲು ಇದಕ್ಕೆ ಉಜ್ಜಿದರೆ ಸವೆಯುವುದು ಹಲ್ಲು. ಅದಕ್ಕೇ ಎಷ್ಟೋ ಡಾಕ್ಟರುಗಳು ಕೆಳಗಿನ ಸಾಲಿಗೆ ಸ್ಟೀಲನ್ನೇ ಹಾಕುತ್ತಾರೆ.

ಕ್ಲಿಪ್ಪನ್ನು ಹಲ್ಲಿಗೆ ಅಂಟಿಸುವ ಅಂಟಿಗೆ ಮಾತ್ರ ಬಣ್ಣ ಹತ್ತುತ್ತದೆ. ನೀಲಿ ಬೆಳಕು ಬಿಟ್ಟು ಗಟ್ಟಿ ಮಾಡುತ್ತಾರಲ್ಲ, ಅದು. ಆ ಬೆಳಕನ್ನು ಹೀರಿ ಕೆಲಸ ಶುರು ಮಾಡುವ ವಸ್ತು ಹೆಚ್ಚಿನ ಅಂಟುಗಳಲ್ಲಿ ಕ್ಯಾಂಫರ್‌ಕ್ವಿನೋನ್, ನಮ್ಮ ಮಂಗಳಾರತಿಯ ಕರ್ಪೂರದ ಹತ್ತಿರದ ಸಂಬಂಧಿ! ಬೆಳಕು ಆರಿದ ಮೇಲೂ ಅಂಟು ಸುಮಾರು ಒಂದು ದಿನ ಒಳಗೊಳಗೇ ಗಟ್ಟಿಯಾಗುತ್ತಿರುತ್ತದೆ. ಕ್ಲಿಪ್ಪಿನ ಅಂಚಿನಿಂದ ಹೊರಗೆ ಅಂಟು ಉಳಿದಿದ್ದರೆ ಅಲ್ಲಿ ಚಹಾದ ಕಂದು ಕೂರುತ್ತದೆ, ಕೊಳೆಯೂ ಕೂರುತ್ತದೆ. ಅಂಚನ್ನು ನಯ ಮಾಡಿಕೊಡಿ ಅಂತ ಡಾಕ್ಟರನ್ನು ಕೇಳಲು ಸಂಕೋಚ ಬೇಡ.

ಚಹಾದ ಕಲೆಯ ರೀತಿ ಬೇರೆ. ಹಲ್ಲು ಉಜ್ಜಿದ ಕೆಲವೇ ನಿಮಿಷಗಳಲ್ಲಿ ಜೊಲ್ಲಿನ ಪ್ರೋಟೀನುಗಳು ಹಲ್ಲಿನ ಮೇಲೂ ಕ್ಲಿಪ್ಪಿನ ಮೇಲೂ ತೆಳು ಪೊರೆ ಕಟ್ಟುತ್ತವೆ. ಚಹಾದ ಒಗರು ಅಂಶ ಆ ಪ್ರೋಟೀನನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಹಾಲು ಹಾಕಿದರೆ ಹಾಲಿನ ಪ್ರೋಟೀನು ಅದನ್ನು ಲೋಟದಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಸ್ಟೇಶನ್ ಹೊರಗಿನ ಕಟಿಂಗ್ ಚಹಾಕ್ಕಿಂತ ಆಫೀಸಿನ ಕರಿ ಚಹಾ ಜಾಸ್ತಿ ಕಲೆ ಮಾಡುತ್ತದೆ. ಕ್ಲೋರ್‌ಹೆಕ್ಸಿಡಿನ್ ಇರುವ ಮೌತ್‌ವಾಶ್ ಬಳಸುವಾಗ ಚಹಾ ಕುಡಿದರೆ ಕಂದು ಇನ್ನೂ ಗಾಢ. ಅದನ್ನು ಡಾಕ್ಟರು ಹೇಳಿದಷ್ಟು ದಿನ ಮಾತ್ರ ಬಳಸಬೇಕು.

ಕಳೆದ ಸಲ ಮೈಸೂರು ಅಸೋಸಿಯೇಶನ್‌ಗೆ ನಾಟಕ ನೋಡಲು ಹೋದಾಗ ಪರಿಚಯದವರೊಬ್ಬರು ಮಗಳಿಗೆ ಪ್ರೀತಿಯಿಂದ ಸಲಹೆ ಕೊಟ್ಟರು. ನಿಂಬೆ ಹೋಳಿಗೆ ಉಪ್ಪು ಅದ್ದಿ ಉಜ್ಜು, ಫಳಫಳ ಅನ್ನುತ್ತೆ ಅಂತ. ನನಗೆ ಎದೆ ಝಲ್ಲೆಂದಿತು. ನಿಂಬೆರಸ ಎನಾಮೆಲನ್ನು ಕರಗಿಸುತ್ತದೆ, ಮೆತ್ತಗಾದದ್ದನ್ನು ಉಪ್ಪು ಕೆರೆಯುತ್ತದೆ. ಉಂಗುರದ ಹಳದಿ ಮಾತ್ರ ಅಲ್ಲೇ ಇರುತ್ತದೆ. ಇದ್ದಿಲು ಪುಡಿ, ಕೆಂಪು ಹಲ್ಲುಪುಡಿ, ಇಲ್ಲಿ ಕೆಲವು ಮನೆಗಳಲ್ಲಿ ಉಜ್ಜುವ ತಂಬಾಕಿನ ಮಶೇರಿ, ಯಾವುದೂ ಬೇಡ. ಬಿಳುಪು ಮಾಡುವ ಪೇಸ್ಟೂ ಈಗ ಬೇಡ. ಕ್ಲಿಪ್ಪಿನ ಕೆಳಗಿನ ಜಾಗಕ್ಕೆ ಅದು ಮುಟ್ಟುವುದಿಲ್ಲ. ಕ್ಲಿಪ್ ತೆಗೆದಾಗ ಒಂದೇ ಹಲ್ಲಿನಲ್ಲಿ ಎರಡು ಬಣ್ಣ ಕಾಣಬಹುದು.

ನಿಜ ಹೇಳಬೇಕೆಂದರೆ ಹಳದಿ ಉಂಗುರದಿಂದ ಯಾವ ಹಾನಿಯೂ ಇಲ್ಲ. ನಾಲ್ಕರಿಂದ ಆರು ವಾರಕ್ಕೊಮ್ಮೆ ಡಾಕ್ಟರು ಅದನ್ನು ಬಿಸಾಡಿ ಹೊಸದು ಹಾಕುತ್ತಾರೆ. ನನಗೆ ಭಯ ಹುಟ್ಟಿಸಿದ್ದು ಇನ್ನೊಂದು ಬಣ್ಣ, ಬಿಳಿ. ಕ್ಲಿಪ್ಪಿನ ಸುತ್ತ, ಮುಖ್ಯವಾಗಿ ಒಸಡಿನ ಕಡೆ, ಊಟದ ಚೂರು ಸಿಕ್ಕಿಕೊಳ್ಳುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಸಕ್ಕರೆಯನ್ನು ತಿಂದು ಆಮ್ಲ ಮಾಡುತ್ತವೆ. ಪಿಎಚ್ ಅಂದರೆ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಅಲ್ಲಿ ಅದು ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲಿನ ಕ್ಯಾಲ್ಸಿಯಂ, ಫಾಸ್ಫೇಟ್ ಕರಗತೊಡಗುತ್ತವೆ. ಕಲ್ಲುಸಕ್ಕರೆ ಪಾರದರ್ಶಕ, ಅದನ್ನೇ ಕುಟ್ಟಿದರೆ ಬಿಳಿ ಪುಡಿ. ಒಳಗೆ ಲೆಕ್ಕವಿಲ್ಲದಷ್ಟು ಅಂಚುಗಳು ಹುಟ್ಟಿ ಬೆಳಕು ಚದುರುತ್ತದೆ. ಎನಾಮೆಲಿನಲ್ಲೂ ಹಾಗೇ. ಸಣ್ಣ ಸಣ್ಣ ರಂಧ್ರ ಬಿದ್ದು ಸುಣ್ಣ ಬಳಿದಂಥ ಮಚ್ಚೆ ಕಾಣುತ್ತದೆ. ಹಲ್ಲು ಸರಿಯಾಗಿ ಉಜ್ಜದಿದ್ದರೆ ಒಂದೇ ತಿಂಗಳಲ್ಲಿ ಅದು ಶುರುವಾಗಬಹುದು. ಉಂಗುರದ ಹಾಗೆ ಎನಾಮೆಲನ್ನು ಬದಲಾಯಿಸಲು ಬರುವುದಿಲ್ಲ. ಎಷ್ಟೋ ಮಕ್ಕಳಿಗೆ ಅದು ಚೆನ್ನಾಗಿ ಕಾಣುವುದೇ ಕ್ಲಿಪ್ ತೆಗೆದ ದಿನ. ಹಲ್ಲು ನೇರವಾಗಿರುತ್ತದೆ, ಅದರ ಮೇಲೆ ಕ್ಲಿಪ್ಪಿನ ಚೌಕಟ್ಟು ಬರೆದಂತೆ ಬಿಳಿ ಗುರುತು.

ಅದಕ್ಕೇ ನಮ್ಮ ಮನೆಯಲ್ಲಿ ತೊವ್ವೆ ನಿಲ್ಲಲಿಲ್ಲ, ಕೋಲಾ ನಿಂತಿತು. ಎಷ್ಟು ಸಿಹಿ ತಿಂದಳು ಅನ್ನುವುದಕ್ಕಿಂತ ಎಷ್ಟು ಸಲ ತಿಂದಳು ಅನ್ನುವುದು ಮುಖ್ಯ. ಒಂದೊಂದು ಗುಟುಕಿಗೂ ಆಮ್ಲ ಹೊಸದಾಗಿ ಹುಟ್ಟುತ್ತದೆ, ಜೊಲ್ಲು ಅದನ್ನು ಸರಿಪಡಿಸಲು ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಪುನರ್ಪುಳಿ ಶರಬತ್ತು ಅವಳಿಗೆ ಪ್ರಾಣ. ಈಗ ಊಟದ ಜೊತೆಗೇ ಕುಡಿಯುತ್ತಾಳೆ, ಆಮೇಲೆ ನೀರಿನಲ್ಲಿ ಬಾಯಿ ಮುಕ್ಕಳಿಸುತ್ತಾಳೆ, ಅರ್ಧ ಗಂಟೆ ಬಿಟ್ಟು ಬ್ರಶ್ ಮಾಡುತ್ತಾಳೆ. ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ ಇದೆಯಾ ಅಂತ ಟ್ಯೂಬ್ ನೋಡಿಯೇ ಕೊಳ್ಳುತ್ತೇವೆ. ತಂತಿಯ ಕೆಳಗೆ ತೂರಿಸುವ ಬಾಟಲಿ ಬ್ರಶ್ಶಿನಂಥ ಪುಟ್ಟ ಬ್ರಶ್ ಅವಳ ಕಾಲೇಜು ಬ್ಯಾಗಿನಲ್ಲೇ ಇರುತ್ತದೆ. ರಾತ್ರಿ ಒಂದೊಂದು ಹಲ್ಲಿಗೂ ಕ್ಲಿಪ್ಪಿನ ಮೇಲೊಮ್ಮೆ, ಕೆಳಗೊಮ್ಮೆ. ಮೊದಮೊದಲು ಬೇಸರಪಟ್ಟಳು, ಈಗ ಅಭ್ಯಾಸವಾಗಿದೆ.

ಹಲ್ಲು ನೇರ ಮಾಡಲು ಕ್ಲಿಪ್ಪಿನ ಬದಲು ಬಿಚ್ಚಿ ಹಾಕುವ ಪಾರದರ್ಶಕ ಅಲೈನರ್ ಇರುವವರಿಗೆ ಕೆಲಸ ಸುಲಭ. ತಿನ್ನುವಾಗ, ಚಹಾ ಕುಡಿಯುವಾಗ ತೆಗೆದಿಡಿ, ತಣ್ಣೀರಲ್ಲಿ ತೊಳೆಯಿರಿ. ಬಿಸಿನೀರು ಸೋಕಿದರೆ ಆಕಾರವೇ ಕೆಡುತ್ತದೆ.

ಹಳದಿಗೂ ಒಂದು ದಾರಿ ಹುಡುಕಿಕೊಂಡೆವು. ಬಣ್ಣವಿಲ್ಲದ ಉಂಗುರದಲ್ಲೇ ಹಳದಿ ಜಾಸ್ತಿ ಕಾಣುವುದು. ಈಗ ತೆಳು ಬೂದು ಬಣ್ಣದ್ದು ಹಾಕಿಸುತ್ತೇವೆ. ಉಂಗುರವೇ ಬೇಡದ, ಪುಟ್ಟ ಬಾಗಿಲಿರುವ ಸೆರಾಮಿಕ್ ಕ್ಲಿಪ್ಪೂ ಸಿಗುತ್ತದೆ, ಬೆಲೆ ಹೆಚ್ಚು. ಹೊಸ ಉಂಗುರ ಹಾಕಿಸಿದ ಮೊದಲ ಎರಡು ದಿನ ಇಡ್ಲಿ, ಬಿಳಿ ಚಟ್ನಿ, ಮೊಸರನ್ನ, ನೀರು ದೋಸೆ. ಮತ್ತೆ ಡಾಕ್ಟರ ಹತ್ತಿರ ಹೋಗುವುದು ಶನಿವಾರ ಅಂದರೆ ಶುಕ್ರವಾರ ರಾತ್ರಿ ಅವಳು ಕೇಳಿದ್ದು ಮಾಡುತ್ತೇನೆ. ಈ ಶುಕ್ರವಾರಕ್ಕೆ ಚಿತ್ರಾನ್ನ ಕೇಳಿದ್ದಾಳೆ, ಅರಿಶಿನ ಕೈತುಂಬಾ ಹಾಕು ಅಂದಿದ್ದಾಳೆ.