ಅರ್ಧ ಕಪ್ಪಾದ ಫಲಕ, ಒಂದೇ ತಂತಿ

ಕಲಬುರಗಿಯ ನಮ್ಮ ಸ್ಟುಡಿಯೋಕ್ಕೆ ಆಲ್ಬಂ ಕವರ್ ಮಾಡಿಸಲು ಬರುವವರಲ್ಲಿ ಹೆಚ್ಚಿನವರು ಚಿತ್ರವನ್ನು ಮನಸ್ಸಿನಲ್ಲಿ ಮೊದಲೇ ಸಿದ್ಧ ಮಾಡಿಕೊಂಡಿರುತ್ತಾರೆ: ಮುಂದೆ ಹಾಡುಗಾರರ ಮುಖ, ಹಿಂದೆ ಕೋಟೆಯೋ ಶರಣಬಸವೇಶ್ವರರ ಗುಡಿಯೋ. ಅಂಥ ಚಿತ್ರದಿಂದ ಹಾಡಿದವರು ಯಾರೆಂದು ತಿಳಿಯುತ್ತದೆಯೇ ಹೊರತು ಹಾಡು ಎಂಥದ್ದೆಂದು ತಿಳಿಯುವುದಿಲ್ಲ. ಪರಿಕಲ್ಪನಾ ಛಾಯಾಚಿತ್ರ ಎಂದು ನಾವು ಕರೆಯುವುದು ಈ ಎರಡನೆಯದನ್ನು ತೋರಿಸಲು ಮಾಡುವ ಚಿತ್ರವನ್ನು. ಅದಕ್ಕೆ ಕ್ಯಾಮೆರಾ ಕೈಗೆತ್ತಿಕೊಳ್ಳುವ ಮೊದಲು ಬಹಳ ಹೊತ್ತು ಸುಮ್ಮನೆ ಕುಳಿತು ಕೇಳಬೇಕಾಗುತ್ತದೆ.

ಜೇವರ್ಗಿ ಕಡೆಯ ಹಿರಿಯ ತತ್ವಪದ ಹಾಡುಗಾರರೊಬ್ಬರ ಎಂಟು ಪದಗಳ ಆಲ್ಬಂಗೆ ಕವರ್ ಮಾಡಿದ್ದನ್ನೇ ಉದಾಹರಣೆಯಾಗಿ ಹೇಳುತ್ತೇನೆ. ಕಡಕೋಳ ಮಡಿವಾಳಪ್ಪನವರ, ಚನ್ನೂರ ಜಲಾಲಸಾಹೇಬರ ಪದಗಳು ಅವು. ಏಕತಾರಿ, ದಮ್ಮಡಿ, ತಾಳ ಬಿಟ್ಟರೆ ಬೇರೆ ವಾದ್ಯವಿಲ್ಲ. ನಾಲ್ಕು ದಿನ ಕೇಳಿದ ಮೇಲೆ ಎರಡು ಸಂಗತಿಗಳು ಮನಸ್ಸಿನಲ್ಲಿ ನಿಂತವು. ಹಾಡುಗಾರರು ಉಸಿರಿಗಾಗಿ ನಿಂತಾಗಲೂ ಆ ಒಂಟಿ ತಂತಿ ನಿಲ್ಲುವುದಿಲ್ಲ ಎಂಬುದು ಒಂದು. ಮೊದಲು ಕೇಳಿದಾಗ ಒಗಟಿನಂತೆ ಅರ್ಥ ಮುಚ್ಚಿಕೊಂಡಿರುವ ಬೆಡಗಿನ ಸಾಲು, ಪಲ್ಲವಿ ಮೂರು ಸಲ ಮರಳಿ ಬರುವಷ್ಟರಲ್ಲಿ ತಾನಾಗಿಯೇ ತೆರೆದುಕೊಳ್ಳುತ್ತದೆ ಎಂಬುದು ಇನ್ನೊಂದು.

ಮೊದಲಿಗೆ ತಂತಿಯ ಮಿಡಿತವನ್ನೇ ಹಿಡಿಯಲು ಹೊರಟೆ. ಸೆಕೆಂಡಿನ 2000ದಲ್ಲಿ ಒಂದು ಭಾಗದ ಶಟರ್ ವೇಗಕ್ಕೆ ತಂತಿ ಸ್ತಬ್ಧವಾಗಿ ನಿಂತಿತು. 30ರಲ್ಲಿ ಒಂದು ಭಾಗಕ್ಕೆ ಇಳಿಸಿದಾಗ ನೂಲುವ ಕದಿರಿನ ಆಕಾರದ ತೆಳು ಮಸುಕು ಮೂಡಿತು. ಚಿತ್ರ ಚೆಂದವಾಗಿಯೇ ಬಂದಿತ್ತು, ಆದರೆ ಅದರಲ್ಲಿ ಆ ಒಗಟಿನ ಬೆಡಗು ಇರಲಿಲ್ಲವಾದ್ದರಿಂದ ಕೈಬಿಟ್ಟೆ.

ದಾರಿ ಸಿಕ್ಕಿದ್ದು ಬೀದರಿನಲ್ಲಿ. ನಮ್ಮ ಭಾಗದ ಯಾವ ಕಾರ್ಯಕ್ರಮದ ಸ್ಮರಣಿಕೆ ನೋಡಿದರೂ ಕಪ್ಪು ಲೋಹಕ್ಕೆ ಬೆಳ್ಳಿ ಕೂಡಿಸಿದ ಬಿದ್ರಿಯೇ ಇರುವುದರಿಂದ ನಾನು ಅದನ್ನು ಬೇಕೆಂದೇ ದೂರ ಇಟ್ಟಿದ್ದೆ. ಆದರೆ ನಾವೆಲ್ಲ ನೋಡುವುದು ಮುಗಿದ ಬಿದ್ರಿಯನ್ನು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಲೋಹದಲ್ಲಿ ಗೆರೆ ಕೊರೆದು, ಬೆಳ್ಳಿ ತಂತಿ ಕೂಡಿಸಿ ಉಜ್ಜಿದ ಮೇಲೆ, ಬೂದುಬಿಳುಪಿನ ಲೋಹದಲ್ಲಿ ಬೆಳ್ಳಿ ಎಲ್ಲಿದೆಯೆಂದು ಹುಡುಕಬೇಕಾದ ಒಂದು ಹಂತ ಬರುತ್ತದೆ. ಬೀದರ ಕೋಟೆಯ ಮಣ್ಣಿಗೆ ನವಸಾಗರ (ಅಮೋನಿಯಂ ಕ್ಲೋರೈಡ್) ಬೆರೆಸಿ ಕಲಸಿ, ಬಿಸಿ ಮಾಡಿದ ಪಾತ್ರೆಗೆ ತಿಕ್ಕಿದಾಗ ಲೋಹ ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ತನ್ನ ಬಣ್ಣ ಬಿಡುವುದಿಲ್ಲ. ಅಲ್ಲಿಯವರೆಗೆ ಅಡಗಿದ್ದ ಗೆರೆ ಆಗ ಎದ್ದು ಕಾಣುತ್ತದೆ, ಬೆಡಗಿನ ಅರ್ಥ ಬಿಚ್ಚಿಕೊಂಡಂತೆ.

ಬಿದ್ರಿ ಕೆಲಸಗಾರರೊಬ್ಬರಿಂದ ಅಂಗೈಗಿಂತ ತುಸು ದೊಡ್ಡದಾದ ಚೌಕ ಫಲಕವನ್ನು ಮಾಡಿಸಿ, ಹೂವು ಬಳ್ಳಿ ಯಾವುದೂ ಬೇಡವೆಂದು, ಅಡ್ಡಲಾಗಿ ಒಂದೇ ಒಂದು ಬೆಳ್ಳಿ ತಂತಿ ಕೂಡಿಸಲು ಕೇಳಿಕೊಂಡೆ. ಮಣ್ಣನ್ನು ಬಲಗಡೆಯ ಅರ್ಧಕ್ಕೆ ಮಾತ್ರ ಹಚ್ಚಿದೆವು. ಕಂಪ್ಯೂಟರಿನಲ್ಲಿ ಅರ್ಧ ಕಪ್ಪು ಮಾಡುವುದು ಸುಲಭವಿತ್ತು. ಆದರೆ ನಿಜವಾದ ಮಣ್ಣು ಬಿಟ್ಟ ಅಂಚು ನೇರವಾಗಿರಲಿಲ್ಲ, ದಡಕ್ಕೆ ಬಂದ ನೀರಿನಂತೆ ಡೊಂಕಾಗಿತ್ತು, ನನಗೆ ಬೇಕಾಗಿದ್ದೂ ಅದೇ. 1975ರಲ್ಲಿ ಪಿಂಕ್ ಫ್ಲಾಯ್ಡ್ ಎಂಬ ಬ್ರಿಟಿಷ್ ರಾಕ್ ತಂಡದ ಆಲ್ಬಂ ಒಂದಕ್ಕೆ, ಕವರ್ ವಿನ್ಯಾಸ ಮಾಡುತ್ತಿದ್ದ ಹಿಪ್ನೋಸಿಸ್ ಸಂಸ್ಥೆಯವರು ಇಬ್ಬರು ಕೈಕುಲುಕುವ ಚಿತ್ರ ತೆಗೆದಾಗ ಒಬ್ಬನ ಮೈಗೆ ನಿಜವಾದ ಬೆಂಕಿಯನ್ನೇ ಹಚ್ಚಿದ್ದರು. ಅಂಥ ಸಾಹಸ ಯಾರೂ ಮಾಡಬೇಕಿಲ್ಲ, ಆದರೆ ಕಣ್ಣೆದುರು ನಿಜವಾಗಿ ನಡೆದದ್ದಕ್ಕೆ ಒಂದು ತೂಕ ಇರುತ್ತದೆಂದು ನಾನು ಬಲವಾಗಿ ನಂಬಿದ್ದೇನೆ.

ಬೆಳ್ಳಿಯ ಚಿತ್ರ ತೆಗೆಯುವವರು ಒಂದು ಮಾತನ್ನು ನೆನಪಿಡಬೇಕು: ಉಜ್ಜಿದ ಬೆಳ್ಳಿ ಕನ್ನಡಿಯಿದ್ದಂತೆ, ಎದುರಿಗೆ ಇದ್ದದ್ದನ್ನೇ ತೋರಿಸುತ್ತದೆ. ದೀಪವನ್ನು ಎಷ್ಟು ಹೆಚ್ಚಿಸಿದರೂ ನನ್ನ ತಂತಿ ಕಪ್ಪಾಗಿಯೇ ಕಾಣುತ್ತಿತ್ತು, ಏಕೆಂದರೆ ಅದು ಕೋಣೆಯ ಕತ್ತಲ ಮಾಳಿಗೆಯನ್ನು ಪ್ರತಿಫಲಿಸುತ್ತಿತ್ತು. ಕಿಟಕಿಗೆ ಬಿಳಿ ಧೋತರ ಕಟ್ಟಿ, ಅದರ ಬಿಂಬ ಸರಿಯಾಗಿ ತಂತಿಯಲ್ಲಿ ಬೀಳುವ ತನಕ ಫಲಕವನ್ನು ಎಳ್ಳಷ್ಟೆಳ್ಳಷ್ಟೇ ತಿರುಗಿಸಿದಾಗ ಗೆರೆ ಹೊಳೆಯಿತು. ಕಪ್ಪು ಮೇಲ್ಮೈ ಕಂಡ ಕ್ಯಾಮೆರಾ ಅದನ್ನು ಬೂದು ಮಾಡಲು ನೋಡುತ್ತದೆ. ಬೆಳಕನ್ನು ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ) ಇಳಿಸಿದ ಮೇಲೆಯೇ ಕಪ್ಪು ಕಪ್ಪಾಗಿ ಬಂತು.

ಹಿಂದಿನ ಗ್ರಾಮಫೋನ್ ತಟ್ಟೆಯ ಕವರ್ 12 ಅಂಗುಲ ಅಗಲವಿರುತ್ತಿತ್ತು. ಈಗ 3000 ಪಿಕ್ಸೆಲ್ ಚೌಕದ ಚಿತ್ರ ಕಳಿಸಿದರೂ ಮೊಬೈಲಿನಲ್ಲಿ ಅದು ಹೆಬ್ಬೆರಳಿನ ಅಗಲಕ್ಕೆ ಕುಗ್ಗುತ್ತದೆ, ಆದ್ದರಿಂದ ಮೊದಲ ಕರಡನ್ನು ಆ ಅಳತೆಗೇ ಇಳಿಸಿ ನೋಡಿದೆ. ಗೆರೆ ಉಳಿಯಿತು. ಹೆಸರಿನ ಅಕ್ಷರಗಳನ್ನು ಎಡಗಡೆಯ ಬೂದು ಭಾಗದಲ್ಲಿ, ಒತ್ತಕ್ಷರಗಳು ತಂತಿಗೆ ತಾಗದಂತೆ ಮೇಲಕ್ಕೆ ಸರಿಸಿದೆವು.

ಚಿತ್ರ ತೋರಿಸಿದಾಗ ಹಿರಿಯರು, “ಇದರಾಗ ನಾ ಎಲ್ಲಿ ಅದೀನ್ರಿ?” ಎಂದು ಕೇಳಿದರು. ಏಕತಾರಿಯ ಮಾತು, ಮಣ್ಣಿನ ಮಾತು ಎರಡನ್ನೂ ಬಿಡಿಸಿ ಹೇಳಿದೆ. ಅವರು ಎಡಗಡೆಯಿಂದ, ಗೆರೆ ಕಾಣದ ಜಾಗದಿಂದ, ಬೆರಳಿಟ್ಟು ಕೊನೆಯವರೆಗೂ ಎಳೆದು, “ಮಣ್ಣು ಹಚ್ಚಿದವರ ಹೆಸರೂ ಹಾಕ್ರಿ” ಎಂದರು. ಕವರಿನ ಹಿಂಬದಿಯಲ್ಲಿ ಬಿದ್ರಿ ಕೆಲಸಗಾರರ ಹೆಸರು ನನ್ನ ಹೆಸರಿಗಿಂತ ಮೇಲಿದೆ.