ಭೂಪಟ ನಾಲಿಗೆ: ತೀವ್ರತೆ ನೋಡುವುದು ಅಂದರೆ ಏನು ನೋಡುವುದು?

ನಾಲಿಗೆಯ ಮೇಲೆ ಅಲ್ಲಲ್ಲಿ ಕೆಂಪು ಮಚ್ಚೆ. ಸುತ್ತ ಬಿಳಿ ಅಥವಾ ತಿಳಿ ಹಳದಿ ಅಂಚು, ಸ್ವಲ್ಪ ಉಬ್ಬಿರುತ್ತದೆ. ಕೆಲವು ದಿನ ಬಿಟ್ಟು ನೋಡಿದರೆ ಆ ಮಚ್ಚೆ ಮಾಯ, ಬೇರೆ ಕಡೆ ಹೊಸದು. ಇದೇ ಜಿಯಾಗ್ರಫಿಕ್ ಟಂಗ್, ಭೂಪಟ ನಾಲಿಗೆ. ಡಾಕ್ಟರ ಚೀಟಿಯಲ್ಲಿ ಬಿನೈನ್ ಮೈಗ್ರೇಟರಿ ಗ್ಲಾಸೈಟಿಸ್ ಎಂದು ಬರೆದಿರಬಹುದು. ನೂರರಲ್ಲಿ ಸುಮಾರು 1ರಿಂದ 3 ಜನರಿಗೆ ಇದು ಇರುತ್ತದೆ, ಮಕ್ಕಳಿಗೂ ಬರುತ್ತದೆ. ವರ್ಷಗಟ್ಟಲೆ ಬಂದು ಹೋಗುತ್ತಾ ಇರುತ್ತದೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಕ್ಯಾನ್ಸರ್ ಆಗಿ ತಿರುಗುವುದೂ ಇಲ್ಲ.

ಅಪಾಯವೇ ಇಲ್ಲದ ಮೇಲೆ ತೀವ್ರತೆ ಯಾಕೆ ನೋಡಬೇಕು? ಉರಿ ಇದೆಯಲ್ಲ, ಅದಕ್ಕೆ. ಇಲ್ಲಿ ತೀವ್ರ ಅಂದರೆ ಜೀವಕ್ಕೆ ಕುತ್ತು ಎಂದು ಅರ್ಥವಲ್ಲ. ಎಷ್ಟು ಜಾಗ ಹರಡಿದೆ, ಎಷ್ಟು ಕಾಡುತ್ತಿದೆ, ಇಷ್ಟೇ.

ನಾಲಿಗೆ ಒರಟಾಗಿರುವುದು ಅದರ ಮೇಲೆ ಒತ್ತಾಗಿರುವ ಎಳೆಯಂಥ ಸಣ್ಣ ಮೊಳಕೆಗಳಿಂದ. ಉರಿಯೂತದಿಂದ ಅವು ಉದುರಿದ ಜಾಗವೇ ಕೆಂಪು ಮಚ್ಚೆ. ಮತ್ತೆ ಬೆಳೆದಾಗ ಮಚ್ಚೆ ಮಾಸುತ್ತದೆ. ಈ ಎಳೆ ಮೊಳಕೆಗಳಲ್ಲಿ ರುಚಿ ಗ್ರಹಿಸುವ ಭಾಗ ಇಲ್ಲ. ಹಾಗಾಗಿ ಸಾಮಾನ್ಯವಾಗಿ ರುಚಿ ಕೆಡುವುದಿಲ್ಲ. ಆದರೆ ಹೊದಿಕೆ ತೆಳುವಾದ ಜಾಗಕ್ಕೆ ಖಾರ, ಹುಳಿ, ಬಿಸಿ ಬೇಗ ತಾಗುತ್ತದೆ.

ಕೊಡಗಿನ ಊಟದಲ್ಲಿ ಈ ಮೂರೂ ಧಾರಾಳ. ಕಾಚಂಪುಳಿ ಎಂಬ ಕಡು ಹುಳಿ ರಸ ಮತ್ತು ಕರಿಮೆಣಸು ಹಾಕಿದ ಪಂದಿ ಕರಿ (ಹಂದಿ ಮಾಂಸದ ಸಾರು), ಗಾಂಧಾರಿ ಮೆಣಸು, ಕಾಡು ಮಾವಿನ ಸಾರು, ಕಿತ್ತಳೆ, ಮೇಲೆ ಸುಡುವ ಕಾಫಿ. ನಾಲಿಗೆಯ ಅರ್ಧ ಭಾಗ ಕೆಂಪಾಗಿದ್ದರೂ ಒಬ್ಬರು ಇದನ್ನೆಲ್ಲ ಆರಾಮವಾಗಿ ತಿನ್ನಬಹುದು. ಇನ್ನೊಬ್ಬರಿಗೆ ಪಕ್ಕದಲ್ಲಿ ಚಿಕ್ಕದೊಂದು ಮಚ್ಚೆ, ಕಾಚಂಪುಳಿ ತಾಗಿದರೆ ಕಣ್ಣಲ್ಲಿ ನೀರು. ಕಾಣುವುದಕ್ಕೂ ನೋಯುವುದಕ್ಕೂ ಇಲ್ಲಿ ನೇರ ಲೆಕ್ಕ ಇಲ್ಲ. ಅದಕ್ಕೇ ಎರಡನ್ನೂ ಬೇರೆ ಬೇರೆ ಅಳೆಯಬೇಕು. ಕನ್ನಡಿಯಲ್ಲಿ ನೋಡಿ ಗಾಬರಿಯಾಗುವವರು ಈ ಒಂದು ವಿಷಯ ತಿಳಿದರೂ ಸಾಕು, ಅರ್ಧ ಭಯ ಕಡಿಮೆಯಾಗುತ್ತದೆ.

ಕಣ್ಣಿಗೆ ಕಾಣುವುದನ್ನು ಅಳೆಯಲು ಚರ್ಮರೋಗದವರ ಹತ್ತಿರ ಒಂದು ಮಾದರಿ ಇದೆ. ಚರ್ಮದ ಮೇಲೆ ಕೆಂಪು ಮಚ್ಚೆ ದಪ್ಪಗೆ ಎದ್ದು ಹೊಟ್ಟು ಉದುರುವ ಸೋರಿಯಾಸಿಸ್ ಕಾಯಿಲೆಗೆ 1978ರಿಂದ ಬಳಕೆಯಲ್ಲಿರುವ ಪಾಸಿ ಅಂಕ. ಮೈಯ ಎಷ್ಟು ಭಾಗಕ್ಕೆ ಹರಡಿದೆ, ಎಷ್ಟು ಕೆಂಪು, ಎಷ್ಟು ದಪ್ಪ, ಎಷ್ಟು ಹೊಟ್ಟು ಏಳುತ್ತದೆ ಎಂದು ನೋಡಿ 0ರಿಂದ 72ರವರೆಗೆ ಅಂಕ ಕೊಡುತ್ತಾರೆ. ಭೂಪಟ ನಾಲಿಗೆಗೂ ಈಚೆಗೆ ಇಂಥ ಅಂಕದ ಕ್ರಮ ಬಂದಿದೆ. ಸೋರಿಯಾಸಿಸ್ ಮತ್ತು ಭೂಪಟ ನಾಲಿಗೆ, ಈ ಎರಡು ತೊಂದರೆಗೂ ನಂಟು ಇರುವುದರಿಂದ ಡಾಕ್ಟರು ನಾಲಿಗೆ ನೋಡುವಾಗ ಮೊಣಕೈ, ಮೊಣಕಾಲು, ತಲೆಯ ಚರ್ಮದ ಬಗ್ಗೆಯೂ ಕೇಳಬಹುದು. ಸುಮ್ನೆ ಕೇಳುವುದಲ್ಲ ಅದು. ಹಾಗಂತ ನಾಲಿಗೆ ಹೀಗಿದ್ದವರಿಗೆಲ್ಲ ಸೋರಿಯಾಸಿಸ್ ಬರುತ್ತದೆ ಎಂದಲ್ಲ.

ಉರಿಗೆ ಮಾತ್ರ ನಿಮ್ಮ ಮಾತೇ ಅಳತೆ. ಏನೂ ಇಲ್ಲದಿದ್ದರೆ 0, ತಡೆಯಲಾರದಷ್ಟಾದರೆ 10. ಏನು ತಿಂದಾಗ, ಎಷ್ಟು ಹೊತ್ತು, ತಿನ್ನುವುದನ್ನೇ ಬಿಡುವ ಹಾಗಾಯಿತಾ ಎಂದು ಬರೆದಿಡಿ. ಇನ್ನೊಂದು ಕೆಲಸ ನನಗೆ ಬಹಳ ಮುಖ್ಯ ಅನಿಸುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆದಿಡುವುದು. ಹಗಲು ಬೆಳಕಿನಲ್ಲಿ, ಪ್ರತಿ ಸಲ ಒಂದೇ ಜಾಗದಲ್ಲಿ ನಿಂತು, ಕಾಫಿ ಕುಡಿಯುವ ಮೊದಲು. ನೀವು ವಿರಾಜಪೇಟೆಯ ಡೆಂಟಲ್ ಕಾಲೇಜಿಗೋ ಮಡಿಕೇರಿಯ ಆಸ್ಪತ್ರೆಗೋ ಹೋದ ದಿನ ಮಚ್ಚೆ ಇರಲೇಬೇಕು ಎಂದಿಲ್ಲವಲ್ಲ! ಮಚ್ಚೆ ಜಾಗ ಬದಲಿಸುತ್ತದೆ ಎಂಬುದು ಆ ಫೋಟೋಗಳಲ್ಲೇ ಗೊತ್ತಾಗುತ್ತದೆ. ರೋಗ ಗುರುತಿಸಲು ಅದು ದೊಡ್ಡ ಸುಳಿವು.

ನಾಲಿಗೆಯಲ್ಲಿ ಸೀಳುಗಳೂ ಇದ್ದರೆ ಹೇಳಿ. ಭೂಪಟ ನಾಲಿಗೆಯವರಲ್ಲಿ ಅವು ಜಾಸ್ತಿ. ಸೀಳಿನಲ್ಲಿ ಆಹಾರ ಸಿಕ್ಕಿಕೊಂಡು ಉರಿ ಹೆಚ್ಚಬಹುದು.

ಉರಿ ಇಲ್ಲದಿದ್ದರೆ ಔಷಧಿ ಬೇಡ. ಇದ್ದರೆ ಮರಗಟ್ಟಿಸುವ ಜೆಲ್, ಬಾಯಿ ಮುಕ್ಕಳಿಸುವ ಔಷಧಿ, ಕೆಲವೊಮ್ಮೆ ಸ್ಟೀರಾಯ್ಡ್ ಲೇಪ ಕೊಡುತ್ತಾರೆ. ಮಚ್ಚೆ ಮತ್ತೆ ಬರದಂತೆ ಮಾಡುವ ಔಷಧಿ ಇಲ್ಲ. ಮೆಡಿಕಲ್ ಶಾಪಿನಿಂದ ನಾವಾಗಿಯೇ ತಂದು ನುಂಗುವ ಬಿ-ಕಾಂಪ್ಲೆಕ್ಸ್ ಬೇರೆ ತೊಂದರೆಗೆ. ಬಿ ವಿಟಮಿನ್ ಅಥವಾ ಕಬ್ಬಿಣದ ಅಂಶ ಕಡಿಮೆಯಾದಾಗ ಇಡೀ ನಾಲಿಗೆ ನುಣುಪಾಗುವುದು ಜಾಸ್ತಿ, ಹೀಗೆ ಮಚ್ಚೆ ಅಲೆದಾಡುವುದಿಲ್ಲ.

ಅಲುಗದೆ ಒಂದೇ ಜಾಗದಲ್ಲಿ ಉಳಿಯುವ ಮಚ್ಚೆಯ ವಿಷಯ ಬೇರೆ. ಎರಡು ವಾರ ಕಳೆದರೂ ಕೆಂಪೋ ಬಿಳಿಯೋ ಮಚ್ಚೆ ಅಲ್ಲೇ ಇದ್ದರೆ, ಗಟ್ಟಿಯಾದರೆ, ರಕ್ತ ಬಂದರೆ, ಹುಣ್ಣು ಮಾಯದಿದ್ದರೆ, ಅದನ್ನು ಭೂಪಟ ನಾಲಿಗೆ ಎಂದುಕೊಂಡು ಮನೆಯಲ್ಲಿ ಕೂರಬೇಡಿ. ಎಲೆ-ಅಡಿಕೆ, ಹೊಗೆಸೊಪ್ಪು ಹಾಕುವವರಂತೂ ಕಾಯಲೇಬಾರದು. ನೋವಿಲ್ಲ ಎಂಬುದು ಇಲ್ಲಿ ಸಮಾಧಾನದ ಮಾತಲ್ಲ, ಬಾಯಿಯ ಕ್ಯಾನ್ಸರ್ ಶುರುವಿನಲ್ಲಿ ನೋಯದೆಯೂ ಇರಬಹುದು. ತೋಟದ ಲೈನ್ ಮನೆಯಲ್ಲಿರುವವರಿಗೆ ಒಂದು ದಿನದ ಕೂಲಿ ಬಿಟ್ಟು ಪೇಟೆಗೆ ಹೋಗುವುದು ಸುಲಭವಲ್ಲ, ನಿಜ. ಆದರೂ ಇಂಥ ಮಚ್ಚೆಗೆ ಆ ಒಂದು ದಿನ ಬಿಡಲೇಬೇಕು. ತೋಟದವರೂ ಬಿಟ್ಟುಕೊಡಬೇಕು.