ಸ್ಕಿಡ್ಡರ್ ಕೊಟ್ಟು ಮರ ತಳ್ಳುವುದು ಅಂದರೆ ಏನು?

ಕಾಫಿ ಕುಯ್ಲು ಮುಗಿಯಿತು ಅಂದರೆ ನಮ್ಮ ಕೊಡಗಿನ ತೋಟಗಳಲ್ಲಿ ಗರಗಸದ ಸದ್ದು ಶುರು. ಸಿಲ್ವರ್ ಓಕ್ ಮರ ಮಾರುವವರು, ನೆರಳು ಕಮ್ಮಿ ಮಾಡುವವರು, ಒಣಗಿ ನಿಂತ ಮರ ತೆಗೆಸುವವರು, ಎಲ್ಲರಿಗೂ ಮಳೆ ಹಿಡಿಯುವ ಮುಂಚೆ ಕೆಲಸ ಮುಗಿಯಬೇಕು. ಈಚೆಗೆ ಈ ಗಡಿಬಿಡಿಯ ಮಧ್ಯೆ ಒಂದು ಮಾತು ಆಗಾಗ ಕಿವಿಗೆ ಬೀಳುತ್ತಿದೆ. "ಹಗ್ಗ ಕಟ್ಟಿ ಎಳೆಯೋದೆಲ್ಲ ಯಾಕಣ್ಣಾ? ಫಾರಿನ್‌ನಲ್ಲಿ ಸ್ಕಿಡ್ಡರ್ ಕೊಟ್ಟು ತಳ್ಳಿ ಬೀಳಿಸ್ತಾರೆ. ನಾವು ಟ್ರಾಕ್ಟರ್ ಕೊಟ್ಟು ತಳ್ಳಿಬಿಡೋಣ." ಮೊಬೈಲಿನಲ್ಲಿ ವಿಡಿಯೋ ನೋಡಿದವರ ಮಾತು ಇದು. ಆ ವಿಡಿಯೋದಲ್ಲಿ ಏನು ನಡೆಯುತ್ತಿದೆ ಅಂತ ಸರಿಯಾಗಿ ಗೊತ್ತಿಲ್ಲದೆ ತೋಟದಲ್ಲಿ ಅದನ್ನೇ ಮಾಡಲು ಹೊರಟರೆ ಪ್ರಾಣಕ್ಕೇ ಕುತ್ತು. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಸ್ಕಿಡ್ಡರ್ ಅನ್ನುವ ಪದ. ಇದು ಮರ ಬೀಳಿಸುವ ಯಂತ್ರ ಅಲ್ಲ, ಬಿದ್ದ ಮರವನ್ನು ಎಳೆದು ತರುವ ಯಂತ್ರ. ಇಂಗ್ಲಿಷಿನಲ್ಲಿ ಸ್ಕಿಡ್ ಅಂದರೆ ಜಾರುವುದು, ಜಾರಿಸುವುದು. ಹಿಂದೆ ಅಮೆರಿಕದ ಕಾಡುಗಳಲ್ಲಿ ದಾರಿಗೆ ಅಡ್ಡಡ್ಡವಾಗಿ ಸಣ್ಣ ದಿಮ್ಮಿಗಳನ್ನು ಹಾಸಿ, ಅವುಗಳ ಮೇಲೆ ದೊಡ್ಡ ನಾಟಾಗಳನ್ನು, ಅಂದರೆ ಕೊಯ್ದ ಮರದ ದಿಮ್ಮಿಗಳನ್ನು, ಎತ್ತು, ಕುದುರೆ ಕಟ್ಟಿ ಜಾರಿಸಿಕೊಂಡು ತರುತ್ತಿದ್ದರು. ಆ ಅಡ್ಡ ದಿಮ್ಮಿಗಳಿಗೂ ಸ್ಕಿಡ್ ಅಂತಲೇ ಹೆಸರು. ಆ ದಾರಿ ಸ್ಕಿಡ್ ರೋಡ್. ನಮ್ಮಲ್ಲಿ ಆ ಕೆಲಸ ಆನೆಗಳದ್ದು. ದುಬಾರೆಯ ಆನೆಗಳನ್ನು ಈಗ ನಾವು ಮೈಸೂರು ದಸರಾದಲ್ಲಿ ನೋಡಿ ಗುರುತು ಹಿಡಿಯುತ್ತೇವೆ, ಆದರೆ ಒಂದು ಕಾಲದಲ್ಲಿ ಶಿಬಿರದ ಆನೆಗಳ ದಿನದ ದುಡಿಮೆ ಅಂದರೆ ಕಾಡಿನೊಳಗಿಂದ ನಾಟಾ ಎಳೆಯುವುದೇ ಆಗಿತ್ತು. ಸ್ಕಿಡ್ಡರ್ ಅಂದರೆ ಏನು ಅಂತ ನಮ್ಮ ಹಳೆಯ ಮೇಸ್ತ್ರಿಗಳಿಗೆ ಒಂದೇ ಮಾತಿನಲ್ಲಿ ಹೇಳಬೇಕಾದರೆ, ಆನೆ ಮಾಡುತ್ತಿದ್ದ ಕೆಲಸ ಮಾಡುವ ಗಾಡಿ ಅಂದರೆ ಸಾಕು.

ಗಾಡಿಯ ಆಕಾರ ವಿಚಿತ್ರ. ನಾಲ್ಕು ದೊಡ್ಡ ಟೈರು, ನಾಲ್ಕಕ್ಕೂ ಎಂಜಿನ್ ಬಲ. ಸ್ಟೇರಿಂಗ್ ತಿರುಗಿಸಿದರೆ ಚಕ್ರ ತಿರುಗುವುದಿಲ್ಲ, ಇಡೀ ಗಾಡಿಯೇ ನಡುವಿನಲ್ಲಿ ಬಾಗಿ ತಿರುಗುತ್ತದೆ. ಮರಗಳ ಸಂದಿಯಲ್ಲಿ ನುಸುಳಲು ಇದೇ ಅನುಕೂಲ. ಗಾಡಿಯ ಹಿಂಭಾಗದಲ್ಲಿ ವಿಂಚ್, ಅಂದರೆ ಹಗ್ಗ ಸುತ್ತಿಕೊಂಡು ಎಳೆಯುವ ಉರುಳೆ, ಮತ್ತು ಉಕ್ಕಿನ ಹಗ್ಗ, ಇಲ್ಲವೇ ದೊಡ್ಡ ಇಕ್ಕಳ. ನಾಟಾದ ಒಂದು ತುದಿಯನ್ನು ನೆಲದಿಂದ ಎತ್ತಿ ಹಿಡಿದು, ಇನ್ನೊಂದು ತುದಿ ನೆಲದಲ್ಲಿ ಉಜ್ಜುತ್ತಾ ಬರುವ ಹಾಗೆ ಎಳೆಯುತ್ತದೆ. ಮುಂದೆ ಒಂದು ಬ್ಲೇಡ್, ಕೊಯ್ಯುವುದಲ್ಲ, ನೂಕುವ ಉಕ್ಕಿನ ಹಲಗೆ. ನಾಟಾ ರಾಶಿ ಹಾಕಲು, ದಾರಿಯ ಕಸ ಕೊಂಬೆ ಸರಿಸಲು, ವಿಂಚ್ ಎಳೆಯುವಾಗ ನೆಲಕ್ಕೆ ಊರಿ ಗಟ್ಟಿಯಾಗಿ ನಿಲ್ಲಲು ಅದು ಇರುವುದು. ಮಧ್ಯಮ ಗಾತ್ರದ ಸ್ಕಿಡ್ಡರೇ 10 ಟನ್ ದಾಟುತ್ತದೆ.

ಈಗ ತಳ್ಳುವ ವಿಷಯ. ಕೆಲವು ಮರಗಳು ನಮಗೆ ಬೇಕಾದ ಕಡೆಗೆ ವಾಲಿರುವುದಿಲ್ಲ, ಅದರ ಎದುರು ದಿಕ್ಕಿಗೆ ವಾಲಿರುತ್ತವೆ. ಹಿಂದಿನಿಂದ ಗರಗಸ ಹಾಕಿದಾಗ ಅಂಥ ಮರ ಹಿಂದಕ್ಕೆ ಕೂತು, ಕೊಯ್ದ ಸೀಳು ಮುಚ್ಚಿಕೊಂಡು, ಗರಗಸದ ಪಟ್ಟಿ ಒಳಗೇ ಸಿಕ್ಕಿಕೊಳ್ಳುತ್ತದೆ. ತೋಟದಲ್ಲಿ ಮರ ಕೊಯ್ಸಿದವರೆಲ್ಲ ಇದನ್ನು ಒಮ್ಮೆಯಾದರೂ ನೋಡಿರುತ್ತಾರೆ ಅಲ್ವಾ? ಆಗ ಹಿಂದಿನಿಂದ ಸ್ಕಿಡ್ಡರ್ ತಂದು, ಬ್ಲೇಡನ್ನು ಕಾಂಡಕ್ಕೆ ಒತ್ತಿ, ಮರವನ್ನು ಬೇಕಾದ ಕಡೆ ನೂಕುವುದಕ್ಕೆ ಸ್ಕಿಡ್ಡರ್ ಕೊಟ್ಟು ತಳ್ಳುವುದು ಅಂತಾರೆ. ಕೆನಡಾ, ಅಮೆರಿಕದ ಕಡೆ ನುರಿತ ಕೆಲಸಗಾರರು ಕೆಲವೊಮ್ಮೆ ಹೀಗೆ ಮಾಡುವುದುಂಟು. ಆದರೆ ಅದು ಸಿಕ್ಕಿಬಿದ್ದಾಗ ಹುಡುಕಿಕೊಳ್ಳುವ ದಾರಿಯೇ ಹೊರತು ಮರ ಬೀಳಿಸುವ ಪದ್ಧತಿ ಅಲ್ಲ.

ಯಾಕೆ ಅಂತ ತಿಳಿಯಬೇಕಾದರೆ ಮರದ ಬುಡದಲ್ಲಿ ಕೂತು ನೋಡಬೇಕು. ಮರ ಬೀಳಬೇಕಾದ ಕಡೆ ಮೊದಲು ಒಂದು ಕಚ್ಚು ತೆಗೆಯುತ್ತಾರೆ, ಕಲ್ಲಂಗಡಿ ಹೋಳು ತೆಗೆದ ಹಾಗೆ. ಆಮೇಲೆ ಹಿಂದಿನಿಂದ ಕೊಯ್ಯುತ್ತಾ ಬರುತ್ತಾರೆ, ಆದರೆ ಕಚ್ಚಿನವರೆಗೂ ಕೊಯ್ಯುವುದಿಲ್ಲ. ನಡುವೆ ಒಂದು ಪಟ್ಟಿ ಉಳಿಸುತ್ತಾರೆ. ಈ ಪಟ್ಟಿಯೇ ಮರದ ಬಿಜಾಗರಿ. ಬಾಗಿಲು ಬಿಜಾಗರಿಯ ಮೇಲೆ ತಿರುಗುವ ಹಾಗೆ ಮರ ಈ ಪಟ್ಟಿಯ ಮೇಲೆ ತಿರುಗಿ ಮುಂದಕ್ಕೆ ಬಾಗುತ್ತದೆ. ಇದರ ದಪ್ಪ ಕಾಂಡದ ಅಡ್ಡಳತೆಯ ಹತ್ತರಲ್ಲಿ ಒಂದು ಪಾಲು ಇರಬೇಕು ಅನ್ನುವುದು ಸಾಮಾನ್ಯ ಲೆಕ್ಕ. ನಮ್ಮ 4 ಅಡಿ ಸುತ್ತಳತೆಯ ಸಿಲ್ವರ್ ಮರ ತಗೊಳ್ಳಿ. ಅದರ ಅಡ್ಡಳತೆ ಸುಮಾರು 39 ಸೆಂಟಿಮೀಟರ್. ಅಂದರೆ ಬಿಜಾಗರಿ ಬರೀ 4 ಸೆಂಟಿಮೀಟರ್ ದಪ್ಪ, ಎರಡು ಬೆರಳಿಗಿಂತ ಸ್ವಲ್ಪ ಜಾಸ್ತಿ. 20 ಮೀಟರ್ ಎತ್ತರದ, ಹಸಿಯಾಗಿ 1 ಟನ್ ಆಸುಪಾಸು ತೂಗುವ ಮರಕ್ಕೆ ದಿಕ್ಕು ತೋರಿಸುವುದು ಈ ಎರಡು ಬೆರಳಿನ ಹಸಿ ಮರ. ಅದು ಮುರಿದರೆ ಮರ ಯಾರ ಮಾತೂ ಕೇಳುವುದಿಲ್ಲ.

ಇನ್ನು ಸ್ವಲ್ಪ ಲೆಕ್ಕ ಮಾಡೋಣ, ಬೇಜಾರು ಮಾಡ್ಕೋಬೇಡಿ, ಇಡೀ ವಿಷಯ ಇರುವುದೇ ಇದರಲ್ಲಿ. ಇದೇ ಮರದ ಭಾರ ಹಿಂದಕ್ಕೆ ಅರ್ಧ ಮೀಟರ್ ವಾಲಿದೆ ಅಂತ ಇಟ್ಟುಕೊಳ್ಳಿ. ಇದನ್ನು ನೆಟ್ಟಗೆ ತರಲು ಕೊಯ್ದ ಜಾಗದಿಂದ 1 ಮೀಟರ್ ಮೇಲೆ ತಳ್ಳಿದರೆ 500 ಕಿಲೋ ಒತ್ತಡ ಬೇಕು. ಅದೇ ಮರಕ್ಕೆ 8 ಮೀಟರ್ ಮೇಲೆ ಹಗ್ಗ ಕಟ್ಟಿ ಎಳೆದರೆ ಸುಮಾರು 63 ಕಿಲೋ ಸಾಕು. ಇಬ್ಬರು ಮೂವರು ಆಳುಗಳು ಎಳೆಯಬಹುದಾದಷ್ಟು. ಸ್ಕಿಡ್ಡರಿನ ಬ್ಲೇಡ್ ಎಷ್ಟೇ ಎತ್ತಿದರೂ ಕಾಂಡದ ಬುಡದ ಹತ್ತಿರವೇ ಮುಟ್ಟುತ್ತದೆ, 8 ಮೀಟರ್‌ಗೆ ಹೋಗುವುದಿಲ್ಲ.

"ಮಿಷನ್‌ಗೆ 500 ಕಿಲೋ ಯಾವ ಲೆಕ್ಕ?" ಅಂತ ಕೇಳಬಹುದು. ನಿಜ, ಬಲಕ್ಕೇನೂ ಕೊರತೆ ಇಲ್ಲ. ತೊಂದರೆ ಅಲ್ಲೇ ಇದೆ. ಆ 500 ಕಿಲೋ ಒತ್ತಡ ಮರವನ್ನು ಬಾಗಿಸುವುದರ ಜೊತೆಗೆ ಬುಡವನ್ನು ಮುಂದಕ್ಕೆ ಜಾರಿಸಲೂ ನೋಡುತ್ತದೆ, ಅದನ್ನು ತಡೆಯಲು ಇರುವುದು ಆ 4 ಸೆಂಟಿಮೀಟರ್ ಪಟ್ಟಿ ಮಾತ್ರ. ಇನ್ನೊಂದು ಇದೆ. ಬ್ಲೇಡ್ 1 ಅಡಿ ಮುಂದೆ ಹೋಯಿತು ಅಂದರೆ 20 ಮೀಟರ್ ಮೇಲಿನ ತುದಿ 20 ಅಡಿ ಮುಂದೆ ಹೋಗಬೇಕು. ಡ್ರೈವರ್ ಕಾಲು ಸ್ವಲ್ಪ ಜೋರಾಗಿ ಒತ್ತಿದರೆ ಬುಡ ಹೊರಟುಬಿಡುತ್ತದೆ, ತುದಿ ಅಷ್ಟು ಬೇಗ ಹೊರಡುವುದಿಲ್ಲ. ಕಾಂಡ ಬಿಲ್ಲಿನ ಹಾಗೆ ಬಳುಕುತ್ತದೆ, ಮೇಲಿನ ಒಣ ಕೊಂಬೆ ಕಳಚಿ ಸೀದಾ ಕೆಳಗೆ ಬರುತ್ತದೆ. ಕೆಳಗೆ ಯಾರಿದ್ದಾರೆ? ಡ್ರೈವರ್. ಸ್ಕಿಡ್ಡರಿಗೆ ಗಟ್ಟಿ ಉಕ್ಕಿನ ಚಾವಣಿ, ಸುತ್ತ ಜಾಲರಿ ಇರುತ್ತದೆ, ಗಾಡಿ ಉರುಳಿದರೂ ಕೊಂಬೆ ಬಿದ್ದರೂ ಒಳಗಿನವನು ಉಳಿಯಲಿ ಅಂತ. ನಮ್ಮ ತೋಟದ ಟ್ರಾಕ್ಟರಿಗೆ ಏನಿದೆ? ಬಿಸಿಲಿಗೆ ಕಟ್ಟಿದ ತಗಡು.

ಕೆಲವು ವರ್ಷದ ಹಿಂದೆ ಸುಂಟಿಕೊಪ್ಪದ ಕಡೆ ಒಂದು ತೋಟದಲ್ಲಿ ಇದನ್ನು ನಾನೇ ಕಣ್ಣಾರೆ ನೋಡಿದೆ. ಸಿಲ್ವರ್ ಮರ, ಹಿಂದಕ್ಕೆ ಕೂತಿತ್ತು, ಗರಗಸ ಒಳಗೆ ಸಿಕ್ಕಿಕೊಂಡಿತ್ತು. ಹಗ್ಗ ತರಲು ಯಾರೂ ಆಳುಗಳ ಲೈನ್ ಮನೆಗಳವರೆಗೆ ಹೋಗಲಿಲ್ಲ, ಹತ್ತಿರದಲ್ಲೇ ಟ್ರಾಕ್ಟರ್ ಇತ್ತು. ಮುಂದಿನ ಬಂಪರನ್ನು ಕಾಂಡಕ್ಕೆ ಆನಿಸಿ ಒತ್ತಿದರು. ಮೊದಲು ಬಂದದ್ದು ಸಣ್ಣ ಚಟಚಟ ಸದ್ದು, ಒಲೆಯಲ್ಲಿ ಹಸಿ ಸೌದೆ ಸಿಡಿದ ಹಾಗೆ. ಸೀಳು ಸ್ವಲ್ಪ ಬಾಯಿ ಬಿಟ್ಟಿತು, ಗರಗಸ ಬಿಡಿಸಿಕೊಳ್ಳಲು ಕೊಯ್ಯುವ ಹುಡುಗ ಬಗ್ಗಿದ. ಮೇಸ್ತ್ರಿ "ಬಿಡೋ, ಬಾರೋ ಈಚೆ!" ಅಂತ ಕೂಗಿ ಅವನ ಅಂಗಿ ಹಿಡಿದು ಎಳೆದದ್ದಕ್ಕೂ ಬುಡ ಕುಟ್ಟೆಯಿಂದ (ನೆಲದಲ್ಲಿ ಉಳಿಯುವ ಮೋಟಿನಿಂದ) ಜಾರಿದ್ದಕ್ಕೂ ಒಂದು ಉಸಿರಿನಷ್ಟೂ ಅಂತರ ಇರಲಿಲ್ಲ. ಬುಡ ಮುಂದಕ್ಕೆ ಜಾರಿ ನೆಲಕ್ಕೆ ಕುತ್ತಿತು, ಮರ ಅರ್ಧ ಸುತ್ತು ತಿರುಗಿ ಪಕ್ಕದ ರೊಬಸ್ಟಾ ಸಾಲಿನ ಮೇಲೆ ಅಡ್ಡ ಬಿತ್ತು. ಎಂಟು ಹತ್ತು ಕಾಫಿ ಗಿಡ, ಎರಡು ಮರದ ಕರಿಮೆಣಸಿನ ಬಳ್ಳಿ ಹೋಯಿತು. ಗರಗಸ ಎರಡು ತುಂಡು. ಹುಡುಗನ ಕೈ ನಡುಗುವುದು ಮಾತ್ರ ತುಂಬಾ ಹೊತ್ತು ನಿಲ್ಲಲೇ ಇಲ್ಲ. ಆ ಕೈ ನನಗೆ ಇನ್ನೂ ಕಣ್ಣ ಮುಂದಿದೆ.

ಆವತ್ತಿನ ದೊಡ್ಡ ತಪ್ಪು ಟ್ರಾಕ್ಟರ್ ತಂದದ್ದಲ್ಲ. ಮಿಷನ್ ತಳ್ಳುತ್ತಿರುವಾಗ ಬುಡದಲ್ಲಿ ಮನುಷ್ಯ ಇದ್ದದ್ದು. ಗರಗಸ ಮತ್ತು ಎಂಜಿನ್ ಎರಡೂ ಓಡುತ್ತಿರುವಾಗ ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲ. ಡ್ರೈವರಿಗೆ ಕಾಂಡ ಕಾಣುತ್ತದೆ, ತುದಿ ಕಾಣುವುದಿಲ್ಲ. ಕೊಯ್ಯುವವನಿಗೆ ಸೀಳು ಕಾಣುತ್ತದೆ, ಚಕ್ರ ಕಾಣುವುದಿಲ್ಲ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ 1994ರಲ್ಲಿ ಮರ ಕೊಯ್ಯುವ ಕೆಲಸಕ್ಕೆ ತಂದ ನಿಯಮದಲ್ಲಿ ಇದಕ್ಕೇ ಒಂದು ಅಳತೆ ಕೊಟ್ಟಿದೆ. ಕೈಯಲ್ಲಿ ಗರಗಸ ಹಿಡಿದು ಮರ ಬೀಳಿಸುತ್ತಿರುವ ಜಾಗದಿಂದ ಎರಡು ಮರದ ಉದ್ದದಷ್ಟು ದೂರದೊಳಗೆ ನಾಟಾ ಎಳೆಯುವ ಯಂತ್ರ ಓಡಬಾರದು. ನಮ್ಮ 20 ಮೀಟರ್ ಮರಕ್ಕೆ ಅದು 40 ಮೀಟರ್. ಮರವನ್ನು ಹಗ್ಗದಿಂದ ಎಳೆದು ಬೀಳಿಸುವ ಕೆಲಸಕ್ಕೆ ಮಾತ್ರ ವಿನಾಯಿತಿ.

ಅದೇ ನಿಯಮ ಪೂರ್ತಿ ನಿಷೇಧಿಸಿದ ಇನ್ನೊಂದು ತಳ್ಳುವಿಕೆ ಇದೆ, ಡೊಮಿನೋ ಫೆಲ್ಲಿಂಗ್. ನಾಲ್ಕಾರು ಮರಗಳನ್ನು ಅರ್ಧರ್ಧ ಕೊಯ್ದು ನಿಲ್ಲಿಸಿ, ಕೊನೆಗೆ ಒಂದು ಮರವನ್ನು ಅವುಗಳ ಮೇಲೆ ಬೀಳಿಸಿ ಸಾಲಾಗಿ ಉರುಳಿಸುವುದು. ಹೆಸರು ಗೊತ್ತಿಲ್ಲದೆ ನಮ್ಮಲ್ಲೂ ಇದನ್ನು ಮಾಡುವವರಿದ್ದಾರೆ. ಅರ್ಧ ಕೊಯ್ದ ಮರಕ್ಕೆ ಗಾಳಿಯೊಂದು ಬಂದರೆ ಸಾಕು, ದಯವಿಟ್ಟು ಮಾಡಬೇಡಿ.

ಹಾಗಾದರೆ ಯಂತ್ರವನ್ನು ಬಳಸಲೇಬಾರದಾ? ಬಳಸಬೇಕು, ಎಳೆಯಲು. ಮರಕ್ಕೆ ಗರಗಸ ಇಡುವ ಮುಂಚೆಯೇ, ವಾಲಿದ್ದನ್ನು ನೋಡಿಕೊಂಡು, ಎತ್ತರದಲ್ಲಿ ಹಗ್ಗ ಕಟ್ಟಬೇಕು. ಕೊಂಬೆ ಇಳಿಸಲು ಹೇಗೂ ಮರ ಹತ್ತುತ್ತಾರೆ, ಆಗಲೇ ಕಟ್ಟಿ ಬಂದರಾಯಿತು. ಹಗ್ಗದ ಇನ್ನೊಂದು ತುದಿ ಮರದ ಎತ್ತರಕ್ಕಿಂತ ಚೆನ್ನಾಗಿ ದೂರ ಇರಬೇಕು. ಇಲ್ಲದಿದ್ದರೆ ಮರ ಎಳೆಯುವವರ ಮೇಲೇ ಬರುತ್ತದೆ. ಇನ್ನೂ ಒಳ್ಳೆಯದು, ಮುಂದೆ ಇರುವ ಒಂದು ಗಟ್ಟಿ ಕುಟ್ಟೆಗೆ ರಾಟೆ ಕಟ್ಟಿ, ಹಗ್ಗವನ್ನು ಅದರ ಮೂಲಕ ಪಕ್ಕಕ್ಕೆ ತಿರುಗಿಸಿ, ಟ್ರಾಕ್ಟರನ್ನು ಮರ ಬೀಳುವ ಸಾಲಿನಿಂದ ಹೊರಗೆ ನಿಲ್ಲಿಸುವುದು. ಹಗ್ಗ ಮೊದಲು ಬಿಗಿಯಾಗಿದ್ದರೆ ಸಾಕು. ಕೊಯ್ದು ಮುಗಿಯುವ ಮುಂಚೆ ಜೋರಾಗಿ ಎಳೆದರೆ ಕಾಂಡ ಬುಡದಿಂದ ಮೇಲಕ್ಕೆ ಉದ್ದಕ್ಕೆ ಸೀಳಿ, ಹಿಂದಿನ ಅರ್ಧ ಒದ್ದ ಹಾಗೆ ಮೇಲೆದ್ದು ಬರುತ್ತದೆ. ಕೊಯ್ಯುವವನು ನಿಂತಿರುವುದು ಅಲ್ಲೇ. ಸೀಳಿಗೆ ಬೆಣೆ ಹೊಡೆದಿದ್ದರೆ ಮರ ಹಿಂದಕ್ಕೆ ಕೂರುವುದೂ ಇಲ್ಲ, ಗರಗಸ ಸಿಕ್ಕುವುದೂ ಇಲ್ಲ. ಎರಡು ಬೆಣೆ ಎಷ್ಟು ದುಡ್ಡು ಹೇಳಿ?

ಬೇರೆ ದಾರಿಯೇ ಇಲ್ಲದೆ ತಳ್ಳಲೇಬೇಕಾದ ಸಂದರ್ಭ ಬಂದರೆ, ಆಗಲೂ ಕೊಯ್ಯುವವನು ಬಿಜಾಗರಿ ಉಳಿಸಿ, ಗರಗಸ ಹೊರಬಂದರೆ ಸರಿ, ಬರದಿದ್ದರೆ ಅಲ್ಲೇ ಬಿಟ್ಟು, ದೂರ ಬಂದು ಡ್ರೈವರಿಗೆ ಕಣ್ಣಿಗೆ ಕಾಣುವ ಹಾಗೆ ಸನ್ನೆ ಮಾಡಿದ ಮೇಲೆಯೇ ಗಾಡಿ ಹತ್ತಿರ ಹೋಗಬೇಕು. ಅದೂ ಉಕ್ಕಿನ ಚಾವಣಿ ಇರುವ ಗಾಡಿ. ಆಮೆಯ ಹಾಗೆ ಒತ್ತಬೇಕು, ಗುದ್ದಬಾರದು. ಒಣಗಿದ ಮರವನ್ನಂತೂ ತಳ್ಳುವ ಮಾತೇ ಬೇಡ. ಬುಡ ಅಲ್ಲಾಡಿದ ಕೂಡಲೇ ತುದಿ ಮುರಿದು ಬೀಳುತ್ತದೆ.

ಕೊಯ್ಯದೆ ಬೇರು ಸಮೇತ ಮಗುಚುವುದು ಬೇರೆಯೇ ಕೆಲಸ. ಹಿಟಾಚಿ ತಂದು ಹಾಗೆ ಮಾಡುವವರಿದ್ದಾರೆ. ಸಮತಟ್ಟಾದ ಜಾಗದಲ್ಲಿ ಏನೋ ಸರಿ. ಬರೆಯ (ಕಡಿದಾದ ಮಣ್ಣಿನ ದಿಬ್ಬದ) ಅಂಚಿನಲ್ಲಿ, ಇಳಿಜಾರಿನಲ್ಲಿ ಹಾಗೆ ಮಾಡಿದರೆ ಬೇರು ಹಿಡಿದಿಟ್ಟ ಮಣ್ಣೆಲ್ಲ ಸಡಿಲ, ಎದ್ದ ಗುಂಡಿಯಲ್ಲಿ ಮಳೆನೀರು ಇಂಗಿ ಕೆಳಗೆ ಹೋಗುತ್ತದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಇಳಿದು ಬಂದದ್ದನ್ನು ನೋಡಿದ ಊರಿನವರು ನಾವು. ಇಳಿಜಾರಿನ ಮರವನ್ನು ಬುಡಕ್ಕೆ ಕೊಯ್ದು ಕುಟ್ಟೆಯನ್ನು ಹಾಗೇ ಬಿಡಿ.

ಕೊನೆಗೆ ಸಿಕ್ಕಿಕೊಂಡ ಮರ. ಬೀಳುವಾಗ ಪಕ್ಕದ ಹಲಸಿಗೋ ಅತ್ತಿಗೋ ಒರಗಿ ಅರ್ಧದಲ್ಲೇ ನಿಂತುಬಿಡುತ್ತದಲ್ಲ, ಅದು. ಅದರ ಕೆಳಗೆ ಹೋಗಿ ತಳ್ಳುವುದು, ಒರಗಿಸಿಕೊಂಡ ಮರವನ್ನೇ ಕೊಯ್ಯುವುದು, ಎರಡೂ ಬೇಡ. ಬುಡಕ್ಕೆ ಉಕ್ಕಿನ ಹಗ್ಗದ ಕುಣಿಕೆ ಹಾಕಿ, ದೂರದಿಂದ ವಿಂಚಿನಲ್ಲಿ ಬುಡವನ್ನು ಹಿಂದಕ್ಕೆ ಎಳೆದರೆ ತುದಿ ತಾನಾಗಿ ಜಾರಿ ಕೆಳಗೆ ಬರುತ್ತದೆ. ಸ್ಕಿಡ್ಡರನ್ನು ಮಾಡಿದ್ದೇ ಇಂಥ ಎಳೆತಕ್ಕೆ. ವಿಂಚ್ ಇರುವ ಟ್ರಾಕ್ಟರ್ ಇದ್ದರೆ ನಮ್ಮ ತೋಟದಲ್ಲೂ ಆಗುತ್ತದೆ. ಗಾಡಿ ಬರುವವರೆಗೆ ಆ ಮರದ ಸುತ್ತ ಹಗ್ಗ ಕಟ್ಟಿ, ಕಾಫಿ ಗಿಡ ಕಸಿ ಮಾಡುವವರು (ಕೊಂಬೆ ಸವರುವವರು), ಸೌದೆ ಆಯುವವರು ಯಾರೂ ಆ ಕಡೆ ಹೋಗದ ಹಾಗೆ ತೋಟದ ಆಳುಗಳನ್ನು ನೋಡಿಕೊಳ್ಳುವ ರೈಟರಿಗೆ ಹೇಳಿಡಿ.